ಕರಡಿ ಬಂತೋ, ಬಂದರೋ?

ಕನ್ನಡ ವ್ಯಾಕರಣ ಕಟ್ಟಿದ ಹಿರಿಯರ ಬಗ್ಗೆ ನನಗೆ ಗೌರವವಿದೆ, ಆದರೆ ಒಂದು ದೂರೂ ಇದೆ. ಗಂಡಾದರೆ ಬಂದನು, ಹೆಣ್ಣಾದರೆ ಬಂದಳು, ದೊಡ್ಡವರಾದರೆ ಬಂದರು, ಉಳಿದದ್ದೆಲ್ಲ ಬಂದಿತು ಎಂದು ಹೇಳಿ ಅವರು ಎಲೆಅಡಿಕೆ ಹಾಕಿಕೊಳ್ಳಲು ಎದ್ದುಹೋದರು. ಈ ‘ಉಳಿದದ್ದೆಲ್ಲ’ದೊಳಗೆ ಮಳೆ, ಬಸ್ಸು, ಜ್ವರ, ಕರಡಿ ಎಲ್ಲವೂ ಸೇರಿಕೊಂಡವು. ಅಕಸ್ಮಾತ್ ಆ ಕರಡಿಯೇ ಕಿರೀಟ ಇಟ್ಟುಕೊಂಡು, ಸಿಂಹಾಸನದ ಮೇಲೆ ಕೂತು ನ್ಯಾಯ ಹೇಳಲು ಶುರುಮಾಡಿದರೆ ಏನು ಗತಿ ಎಂದು ಯಾರೂ ಯೋಚಿಸಲಿಲ್ಲ. ಯೋಚಿಸುವ ಸರದಿ ನನಗೆ ಬಂತು, ಅದೂ ನೌಕರಿ ಕಾಯಂ ಆಗಬೇಕಾಗಿದ್ದ ಹೊತ್ತಿನಲ್ಲಿ.

ಎಂಬತ್ತರ ದಶಕದ ಆರಂಭದಲ್ಲಿ ನಾನು ಪೀಣ್ಯದ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವವನಾಗಿದ್ದೆ. ಅಲ್ಲಿ ಅಚ್ಚಾಗುತ್ತಿದ್ದುದು ಊದುಬತ್ತಿ ಪೊಟ್ಟಣ, ಬೆಂಕಿಪೊಟ್ಟಣದ ಚೀಟಿ, ಹಪ್ಪಳದ ಲೇಬಲ್ಲು. ಕನ್ನಡ ಎಂ.ಎ. ಮಾಡಿದವನು ದಿನವಿಡೀ ಮಲ್ಲಿಗೆಗೆ ಲ ಒತ್ತು ಬಿದ್ದಿದೆಯೇ, ಹಪ್ಪಳಕ್ಕೆ ಪ ಒತ್ತು ಬಿದ್ದಿದೆಯೇ ಎಂದು ನೋಡುತ್ತಿದ್ದೆ. ಮಾಲೀಕರನ್ನು ಎಲ್ಲರೂ ಗೌಡರು ಎನ್ನುತ್ತಿದ್ದೆವು, ಅವರು ಆ ಊರಿನವರೇ. ತಮ್ಮ ರಾಗಿ ಹೊಲ ಕಾರ್ಖಾನೆಗಳ ಪಾಲಾದ ಮೇಲೆ ಉಳಿದ ತುಂಡಿನಲ್ಲಿ ಶೆಡ್ಡು ಹಾಕಿ, ಯಂತ್ರ ತಂದು ನಿಲ್ಲಿಸಿದ್ದರು. ದಿನಾ ಬೆಳಿಗ್ಗೆ ಯಂತ್ರದ ಮೈ ಸವರಿ "ಎದ್ಯೇನ್ಲಾ ಮಗಾ?" ಎಂದು ಕೇಳುತ್ತಿದ್ದರು. ಅದು ಏಳುತ್ತಿತ್ತು. ಕೆಲಸಗಾರರು ಜಗಳ ಆಡಿಕೊಂಡು ಬಂದರೆ ಇಬ್ಬರಿಗೂ ಒಂದೊಂದು ಲೋಟ ಹಾಲು ಕೊಟ್ಟು, ಅವರು ಕುಡಿಯುವಷ್ಟರಲ್ಲಿ ತೀರ್ಪು ಹೇಳಿ ಮುಗಿಸುತ್ತಿದ್ದರು. ಹಾಲು ಶೆಡ್ಡಿನ ಹಿಂದಿನ ಅವರದೇ ಕೊಟ್ಟಿಗೆಯದು. ಅವರು ಹಸುಗಳನ್ನು ನೋಡಲು ಎದ್ದು ಹೋದರೆ ಸಾಕು, ಅಳಿಯ ಪರಮೇಶಿ ಬಂದು ಅವರ ಕುರ್ಚಿಯಲ್ಲಿ ಕೂರುತ್ತಿದ್ದ. ಹುದ್ದೆಯಲ್ಲಿ ಮ್ಯಾನೇಜರು, ಮನಸ್ಸಿನಲ್ಲಿ ಮಾಲೀಕ. ಕುರ್ಚಿ ತಣ್ಣಗಾಗಲೂ ಬಿಡುತ್ತಿರಲಿಲ್ಲ.

ನನ್ನ ಸಂಕಟ ಬೇರೆಯೇ ಇತ್ತು. ಜಾಲಹಳ್ಳಿಯ ಕ್ವಾರ್ಟರ್ಸಿನಲ್ಲಿ ಕಮಲಾ ಎಂಬ ಹುಡುಗಿ ನನ್ನನ್ನು ಒಪ್ಪಿದ್ದಳು. ಅವಳು ಒಪ್ಪಿದ್ದೇ ಒಂದು ಪವಾಡ, ಕಾರಣ ಕೇಳಲು ನನಗೆ ಇಂದಿಗೂ ಧೈರ್ಯವಿಲ್ಲ. ಆದರೆ ಅವಳ ತಂದೆ ಸರ್ಕಾರಿ ಕಾರ್ಖಾನೆಯ ಫೋರ್‌ಮನ್. "ಪರ್ಮನೆಂಟ್ ಆಗ್ಲಿ ಕಣ್ರೀ, ಆಮೇಲೆ ನೋಡೋಣ" ಎಂದುಬಿಟ್ಟಿದ್ದರು. ದೇವರಲ್ಲಿ ಅವರಿಗಿದ್ದ ಭಕ್ತಿಗೂ ಕಾರಣ ಆತ ಪರ್ಮನೆಂಟ್ ಎಂಬುದೇ ಇರಬೇಕು.

ಹೀಗಿರುವಾಗ ಪರಮೇಶಿ ಎಲ್ಲಿಂದಲೋ ಅಮೆರಿಕದ ಒಂದು ಚಿತ್ರಕಥೆಯ ಹಕ್ಕು ತಂದ. ಕನ್ನಡದ ಮಕ್ಕಳಿಗೆ ಕಾಮಿಕ್ಸ್ ಮಾಡಿ ಮಾರೋಣ ಎಂದ. ಅದನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಿತ್ತು. "ಈ ಪುಸ್ತಕ ಒಂದು ಚೆನ್ನಾಗ್ ಆಗ್ಲಿ ಸಾಮಿ, ನಿಮ್ಮನ್ನ ಪರ್ಮೆಂಟ್ ಮಾಡ್ಬುಡ್ತೀನಿ" ಎಂದು ಗೌಡರು ಮಾತು ಕೊಟ್ಟರು. ಕರಡು ತಿದ್ದುತ್ತಿದ್ದವನು ಕರಡಿ ತಿದ್ದಲು ಕೂತೆ. ಕಥೆಯಲ್ಲಿ ಬೆನ್ನಿಗೆ ದುಪ್ಪಟಿ ಕಟ್ಟಿಕೊಂಡು ಹಾರುವ ಒಬ್ಬ ಮಹಾವೀರನಿದ್ದ. ಹಾರುವುದು ಬಿಟ್ಟರೆ ಅವನಿಂದ ಹೆಚ್ಚಿನ ಉಪಕಾರವಿರಲಿಲ್ಲ. ನಿಜವಾದ ನಾಯಕ ಮಂಜಿನ ಬೆಟ್ಟಗಳಾಚೆಯ ಗುಟ್ಟಿನ ರಾಜ್ಯವನ್ನು ಆಳುವ ಮುದಿ ಕರಡಿ. ಮಹಾ ವಿವೇಕಿ. ಅದರ ಸೇನಾಪತಿಯೂ ಕರಡಿಯೇ, ಅದಕ್ಕೆ ಸಿಂಹಾಸನದ ಮೇಲೆ ಕಣ್ಣು. ದೊರೆಗೆ ಭಲ್ಲೂಕರಾಯ ಎಂದೂ ಸೇನಾಪತಿಗೆ ಕರಾಳ ಎಂದೂ ಹೆಸರಿಟ್ಟೆ. ಅಲ್ಲಿಯವರೆಗೆ ಸುಖವಾಗಿತ್ತು.

ಮೊದಲ ಚಿತ್ರದಲ್ಲೇ ದೊರೆ ಸಭೆಗೆ ಬರಬೇಕು. ‘ದೊರೆ ಬಂದಿತು’ ಎಂದು ಬರೆದೆ, ಪಾರ್ಸೆಲ್ ಬಂದ ಹಾಗಾಯಿತು. ‘ಬಂದ’ ಎಂದು ತಿದ್ದಿದೆ, ಅಂಗಡಿಗೆ ಹೋಗಿದ್ದ ತಮ್ಮ ವಾಪಸು ಬಂದ ಹಾಗಾಯಿತು. ‘ಬಂದರು’ ಎಂದರೆ ಗಾಂಭೀರ್ಯವೇನೋ ಬಂತು, ಆದರೆ ಮೈತುಂಬ ರೋಮವಿರುವ ಪ್ರಾಣಿಗೆ ಅಷ್ಟು ಮರ್ಯಾದೆಯೇ ಎಂದು ಕೈ ತಡೆಯಿತು. ಕೊನೆಗೆ ಒಂದು ಸೂತ್ರ ಹೊಳೆಯಿತು. ಸಿಂಹಾಸನದ ಮೇಲಿರುವ ಕರಡಿಗೆ ‘ಅವರು’, ಕೆಳಗಿರುವ ಕರಡಿಗೆ ‘ಅದು’. ಕರಾಳ ಸಿಂಹಾಸನ ಕಿತ್ತುಕೊಂಡ ಪುಟದಿಂದ ‘ಕರಾಳರು ಘರ್ಜಿಸಿದರು’, ‘ಭಲ್ಲೂಕ ಓಡಿಹೋಯಿತು’. ಹಳೆಯ ದೊರೆ ಪುನಃ ಗೆದ್ದ ಮೇಲೆ ಎಲ್ಲವೂ ತಿರುಗುಮುರುಗು. ಜಗತ್ತಿನ ರಾಜಕೀಯವನ್ನೆಲ್ಲ ಕ್ರಿಯಾಪದದಲ್ಲಿ ಹಿಡಿದೆನೆಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಹಾಳೆಗಳು ಯಂತ್ರಕ್ಕೆ ಹೋಗುವ ಮೊದಲೇ ಕೆಲಸಗಾರರು ಓದಿದರು. ಮಾರನೆಯ ದಿನ ಶೆಡ್ಡಿನಲ್ಲಿ ಹೊಸ ಭಾಷೆ ಹುಟ್ಟಿತ್ತು. "ಕುರ್ಚೀಲಿ ಯಾರ್ ಗುರು, ಗೌಡ್ರಾ?" ಎಂದು ಒಬ್ಬ ಕೇಳಿದರೆ, "ಇಲ್ಲ ಮಗಾ, ಅದು ಕೂತಿದೆ" ಎಂದು ಇನ್ನೊಬ್ಬನ ಉತ್ತರ. "ಅದು ಊಟಕ್ಕೆ ಹೋಯ್ತಾ?" "ಹೋಯ್ತು, ತಿಂದ್ಕೊಂಡು ಬರುತ್ತೆ." ಇದು ಪರಮೇಶಿಯ ಕಿವಿಗೆ ಬೀಳಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ನನ್ನನ್ನು ಕರೆಸಿದ. "ಏನ್ರೀ, ನನ್ ಮೇಲೆ ಕಥೆ ಬರ್ದಿದೀರಂತೆ?"

"ಇಲ್ಲ ಸಾರ್, ಅದು ಅಮೆರಿಕದಲ್ಲಿ ಬರ್ದಿದ್ದು."

"ಅಮೆರಿಕದೋರಿಗೆ ನನ್ ವಿಷ್ಯ ಹೆಂಗ್ರೀ ಗೊತ್ತಾಯ್ತು?"

ನನ್ನ ಉತ್ತರಕ್ಕೆ ಕಾಯದೆ ಅಪ್ಪಣೆ ಕೊಟ್ಟ. ಸೇನಾಪತಿಗೆ ಮೊದಲ ಪುಟದಿಂದಲೇ ‘ಅವರು’ ಹಾಕಬೇಕು, ಮುದಿಯನಿಗೆ ‘ಅದು’. "ಇಲ್ಲಾಂದ್ರೆ ಪರ್ಮನೆಂಟ್ ಮರ್ತುಬಿಡಿ." ಹಾಗೆ ಮಾಡಿದರೆ ಗೌಡರು ಏನೆಂದುಕೊಂಡಾರು? ಕಮಲಾ, ಕ್ವಾರ್ಟರ್ಸು, ಫೋರ್‌ಮನ್ನರ ಮೀಸೆ ಎಲ್ಲ ಕಣ್ಮುಂದೆ ಬಂದವು. ನನಗೆ ನಿಜಕ್ಕೂ ಹೆದರಿಕೆಯಾಯಿತು. ಹೆದರಿದ ಎಂ.ಎ. ಪದವೀಧರ ಮಾಡುವ ಕೆಲಸವನ್ನೇ ಮಾಡಿದೆ: ಸಂಸ್ಕೃತದ ಮರೆಗೆ ಹೋದೆ. ಇಡೀ ಪುಸ್ತಕದ ಕ್ರಿಯಾಪದಗಳನ್ನು ಹೊಡೆದುಹಾಕಿದೆ. ‘ದೊರೆಯ ಆಗಮನ.’ ‘ಕರಾಳನ ಕೋಪ.’ ‘ಯುದ್ಧ.’ ‘ಪಲಾಯನ.’ ಯಾರೂ ಬಂತೂ ಇಲ್ಲ, ಬಂದರೂ ಇಲ್ಲ.

ಗೌಡರು ಹಾಳೆಗಳನ್ನು ಮಡಿಲಲ್ಲಿಟ್ಟುಕೊಂಡು ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಆಮೇಲೆ ತಲೆಯೆತ್ತಿ, "ಏನ್ ಸಾಮಿ ಇದು, ಇಡೀ ಪುಸ್ತಕದಾಗೆ ಒಬ್ರೂ ಬರಾಕಿಲ್ಲ, ಒಬ್ರೂ ಓಗಾಕಿಲ್ಲ? ಬರೀ ಆಗಮನ, ನಿರ್ಗಮನ. ಇದೇನ್ ಕರಡಿ ಕತೆಯೋ, ರೈಲ್ವೆ ಟೇಸನ್ನೋ?" ಎಂದರು.

ನಾನು ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ಗೌಡರು ಹೆಗಲ ಮೇಲಿನ ಟವೆಲ್ಲು ಜಾರಿ ಬೀಳುವ ತನಕ ನಕ್ಕರು. ನಕ್ಕು ಮುಗಿದ ಮೇಲೆ ಅಳಿಯನನ್ನು ಕರೆದರು. "ಅಳೀಮಯ್ಯ, ಕುರ್ಚಿ ಬೇಕಾಗಿದ್ರೆ ಬಾಯ್ಬುಟ್ಟು ಕೇಳಬಾರ್ದಾ? ಕುಂತು ಕುಂತು ನಂಗೂ ಸೊಂಟ ಇಡ್ಕಂಡೈತೆ. ತಗೋ, ಇವತ್ತಿಂದ ನಿಂದೇ. ನಾನು ಅಸುಗಳ್ನ ನೋಡ್ಕತೀನಿ. ಆದ್ರೆ ಈ ಸಾಮೀನ ಪರ್ಮೆಂಟ್ ಮಾಡು, ಕತೇನ ಮೊದ್ಲು ಬರ್ದಿದ್ದಂಗೇ ಆಕ್ಸು." ಇಷ್ಟು ಹೇಳಿ ಎದ್ದು ಕೊಟ್ಟಿಗೆಗೆ ನಡೆದರು. ಅಮೆರಿಕದ ಕಥೆಯಲ್ಲಿ ಇಷ್ಟಕ್ಕೆ ಎರಡು ಯುದ್ಧ ಬೇಕಾಗಿದ್ದವು.

ಪರಮೇಶಿ ಕುರ್ಚಿಯಲ್ಲಿ ಕೂತರು. ಹೌದು, ಕೂತರು. ಮಾರನೆಯ ದಿನದಿಂದ ಶೆಡ್ಡಿನಲ್ಲಿ ‘ಅದು’ ಎಂಬ ಮಾತೇ ಅಡಗಿಹೋಯಿತು. "ಸಾಹೇಬ್ರು ಬಂದ್ರು" ಎಂದು ಬೀಡಿ ಬಚ್ಚಿಡುವವರೇ ಎಲ್ಲ. ನನ್ನ ಸೂತ್ರ ಇಷ್ಟು ಬೇಗ ರುಜುವಾತಾದದ್ದು ಕಂಡು ನಾನು ಒಳಗೊಳಗೇ ಹಿಗ್ಗಿದೆ. ಈ ಜನರೇ ಹೀಗೆ, ಮರ್ಯಾದೆ ಕೊಡುವುದೆಲ್ಲ ಕುರ್ಚಿಗೇ, ಎಂದು ಕಮಲಾಳಿಗೆ ಉಪನ್ಯಾಸವನ್ನೂ ಕೊಟ್ಟೆ. ಪರಮೇಶಿಯವರು ಮಾವನ ಮಾತು ಉಳಿಸಿ ನನ್ನನ್ನು ಕಾಯಂ ಮಾಡಿದರು. ಜೊತೆಗೆ ಒಂದು ಮೇಜು, ಎರಡು ಕುರ್ಚಿಯೂ ಸಿಕ್ಕವು.

ಸುದ್ದಿ ತಿಳಿದ ಫೋರ್‌ಮನ್ ಸಾಹೇಬರು ಕಣ್ಣಾರೆ ನೋಡಿಹೋಗಲು ಒಂದು ದಿನ ಪೀಣ್ಯಕ್ಕೇ ಬಂದರು. ಅವರನ್ನು ಎದುರಿಗೆ ಕೂರಿಸಿಕೊಂಡು, ಕಾಲ ಮೇಲೆ ಕಾಲು ಹಾಕಿ, ಈ ಸಂಸ್ಥೆಯ ಕನ್ನಡವೆಲ್ಲ ನನ್ನ ಕೈಯಲ್ಲೇ ಇದೆ ಎಂದು ವಿವರಿಸುತ್ತಿದ್ದೆ. ಬೆನ್ನ ಹಿಂದೆ ಬಾಗಿಲ ಬಳಿ ಹಾಲಿನ ಕ್ಯಾನಿನ ಸದ್ದಾಯಿತು.

"ಯಾರೋ ಬಂದ್ರು ನೋಡಿ" ಎಂದರು ಫೋರ್‌ಮನ್.

ನಾನು ಕತ್ತು ಕೂಡ ತಿರುಗಿಸದೆ, ಕಾಯಂ ನೌಕರನ ಗತ್ತಿನಲ್ಲಿ, "ಯಾರೂ ಇಲ್ಲ ಸಾರ್, ಹಾಲು ಬಂತು" ಎಂದೆ.

"ಊ ಕಣಪ್ಪಾ, ಆಲು ಬಂತು" ಎಂದರು ಹಿಂದಿನಿಂದ ಗೌಡರು.

ಅವರ ದನಿಯಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ. ಮೊಣಕಾಲುದ್ದದ ಪಂಚೆಯಲ್ಲಿ, ಕೈಯಲ್ಲಿ ಕ್ಯಾನು ಹಿಡಿದು ನಗುತ್ತಾ ನಿಂತಿದ್ದರು. ಫೋರ್‌ಮನ್ನರು ಅವರು ಯಾರೆಂದು ತಿಳಿಯದಿದ್ದರೂ ಹಿರಿಯರೆಂದು ಎದ್ದು ಕೈಮುಗಿದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆಗ ನಾನೂ ಎದ್ದೆ ಎಂದು ಬರೆಯಲು ಈಗಲೂ ನಾಚಿಕೆ. ಎದ್ದಿತು ಎನ್ನುವುದೇ ಸರಿ.