‘ಆನ್ ಮೈ ವೇ ಹೋಮ್’ ಎಂಬ ವಾಕ್ಯವನ್ನು ಎಸರಿಟ್ಟು ಕಾಯುವವರಿಗೆ ಹೇಳುವ ಕುರಿತು

ಇಲಾಖೆಯ ತಾಲ್ಲೂಕು ಕಚೇರಿ, ತುರುವೇಕೆರೆ
ಸಂಖ್ಯೆ: ಇಂ.ವಾ.ಬ/ಮನೆ/ಮುದ್ದೆ/೧೭/೨೦೦೩-೦೪
ದಿನಾಂಕ: ೦೫-೦೨-೨೦೦೪

ಸುತ್ತೋಲೆ

ವಿಷಯ: ಮನೆಗೆ ಹೊರಡದೆಯೇ ಹೊರಟಿರುವುದಾಗಿ ಇಂಗ್ಲಿಷಿನಲ್ಲಿ ತಿಳಿಸುವುದನ್ನು ನಿಯಂತ್ರಿಸುವ ಬಗ್ಗೆ.

ಉಲ್ಲೇಖ:
೧) ಇಂಗ್ಲಿಷ್ ಸಂಭಾಷಣಾ ತರಬೇತಿ, ಪಾಠ ಆರು.
೨) ದಬ್ಬೇಘಟ್ಟದ ಶ್ರೀಮತಿ ಗಂಗಲಕ್ಷ್ಮಿ ಇವರ ಅರ್ಜಿ, ದಿನಾಂಕ ೧೯-೦೧-೨೦೦೪.
೩) ಸದರಿ ಅರ್ಜಿಗೆ ಲಗತ್ತಿಸಿದ ತಣ್ಣಗಾದ ರಾಗಿ ಮುದ್ದೆ, ಒಂದು.

ಕಳೆದ ಆಗಸ್ಟ್ ತಿಂಗಳಿನಲ್ಲಿ ಈ ಕಚೇರಿಯ ಹನ್ನೊಂದು ಮಂದಿ ನೌಕರರಿಗೆ ಇಂಗ್ಲಿಷ್ ಸಂಭಾಷಣೆಯ ತರಬೇತಿ ನೀಡಲಾಗಿತ್ತು. ಆರನೇ ಪಾಠದಲ್ಲಿ ‘ಆನ್ ಮೈ ವೇ ಹೋಮ್’, ಅಂದರೆ ಮನೆಯ ದಾರಿಯಲ್ಲಿದ್ದೇನೆ, ಎಂಬ ನುಡಿಯನ್ನು ಬಳಸಿ ತಲಾ ಹತ್ತು ವಾಕ್ಯ ರಚಿಸಿ ಮೂರು ಪ್ರತಿಗಳಲ್ಲಿ ಸಲ್ಲಿಸಲು ಸೂಚಿಸಲಾಗಿತ್ತು. ಉಳಿದ ಪಾಠಗಳೆಲ್ಲ ಊಟಕ್ಕಿಲ್ಲದ ಉಪ್ಪಿನಕಾಯಿಯಾದವು. ಇದೊಂದು ಮಾತ್ರ ಎಲ್ಲರ ನಾಲಿಗೆಗೂ ಅಂಟಿಕೊಂಡಿತು. ಸಂಜೆ ಐದೂವರೆಗೆ ಮನೆಗೆ ಫೋನ್ ಮಾಡಿ ಈ ವಾಕ್ಯ ಹೇಳುವುದೂ, ಹೇಳಿದ ಮೇಲೆ ಬಸ್ ನಿಲ್ದಾಣದ ಎದುರಿನ ಮರುಳಪ್ಪನವರ ಬೋಂಡದ ಗಾಡಿಯ ಬಳಿ ಕೊಬ್ಬರಿ ಧಾರಣೆ ಚರ್ಚಿಸುತ್ತ ಏಳೂವರೆಯವರೆಗೆ ನಿಲ್ಲುವುದೂ ರೂಢಿಯಾಗಿರುತ್ತದೆ. ಹಾಗೆ ಚರ್ಚಿಸುವವರಲ್ಲಿ ಏಳು ಮಂದಿಗೆ ಒಂದು ತೆಂಗಿನ ಸಸಿಯೂ ಇಲ್ಲವೆಂಬುದನ್ನು ಪ್ರತ್ಯೇಕವಾಗಿ ಗಮನಿಸಲಾಗಿದೆ.

ಈ ಭಾಗದಲ್ಲಿ ಉಣ್ಣುವವರು ಬರುವ ಹೊತ್ತಿಗೆ ಸರಿಯಾಗಿ ಮುದ್ದೆ ತೊಳಸುವುದು ವಾಡಿಕೆ. ಫೋನ್ ಬಂದೊಡನೆ ಎಸರಿಡಲಾಗುತ್ತದೆ, ಬಸ್ಸು ಬರುವ ಅಂದಾಜಿಗೆ ಹಿಟ್ಟು ಹಾಕಲಾಗುತ್ತದೆ. ಎರಡು ಗಂಟೆ ತಡವಾದ ಮುದ್ದೆಯ ಸ್ಥಿತಿ ಏನಾಗುತ್ತದೆಂಬುದಕ್ಕೆ ಉಲ್ಲೇಖ ೩ನ್ನು ನೋಡಬಹುದಾಗಿದೆ. ಅದರ ಮೇಲೆ ಸ್ವೀಕೃತಿ ಮೊಹರು ಒತ್ತಲು ಯತ್ನಿಸಿದಾಗ ಮೊಹರಿನ ಹಿಡಿ ಮುರಿದಿರುತ್ತದೆ.

ಆದುದರಿಂದ ಎಲ್ಲ ನೌಕರರಿಗೆ ಈ ಕೆಳಕಂಡಂತೆ ತಾಕೀತು ಮಾಡಲಾಗಿದೆ:

೧. ಸದರಿ ವಾಕ್ಯವನ್ನು ಕಚೇರಿಯ ಕುರ್ಚಿಯಲ್ಲಿ ಕುಳಿತು ಹೇಳತಕ್ಕದ್ದಲ್ಲ. ಕುರ್ಚಿಯಿಂದ ಎದ್ದ ಮಾತ್ರಕ್ಕೆ ದಾರಿ ಆರಂಭವಾಯಿತೆಂದು ಭಾವಿಸತಕ್ಕದ್ದೂ ಅಲ್ಲ.

೨. ವಾಕ್ಯ ಹೇಳುವಾಗ ನೌಕರನ ಎರಡೂ ಪಾದಗಳು ಬಸ್ಸಿನೊಳಗಿರಬೇಕು ಮತ್ತು ಬಸ್ಸು ಚಲಿಸುತ್ತಿರಬೇಕು. ನಿಂತಲ್ಲೇ ಗುರುಗುಟ್ಟುವ ಖಾಸಗಿ ಬಸ್ಸನ್ನು ಚಲಿಸುವ ಬಸ್ಸೆಂದು ಪರಿಗಣಿಸಲಾಗುವುದಿಲ್ಲ. ಡ್ರೈವರು ಎರಡು ಅಡಿ ಮುಂದಕ್ಕೆ, ಎರಡು ಅಡಿ ಹಿಂದಕ್ಕೆ ಆಡಿಸುವುದು ಪ್ರಯಾಣವಲ್ಲ. ‘ಹೊಂಟೋಯ್ತು, ಹೊಂಟೋಯ್ತು’ ಎಂದು ಕಂಡಕ್ಟರ್ ಕೂಗುವುದನ್ನು ಸಾಕ್ಷ್ಯವೆಂದು ಅಂಗೀಕರಿಸಲಾಗುವುದಿಲ್ಲ.

೩. ಚಲಿಸುವ ಬಸ್ಸಿನಲ್ಲಿ ಕಾಯಿನ್ ಬಾಕ್ಸ್ ಫೋನ್ ಇರುವುದಿಲ್ಲವಾದ್ದರಿಂದ ಎರಡನೇ ಖಂಡವನ್ನು ಪಾಲಿಸಿದವರು ಫೋನ್ ಮಾಡಲು ಸಾಧ್ಯವಿಲ್ಲವೆಂದು ಆಕ್ಷೇಪಣೆ ಬಂದಿರುತ್ತದೆ. ಆಕ್ಷೇಪಣೆಯನ್ನು ಕೂಲಂಕಷವಾಗಿ ಪರಿಶೀಲಿಸಿ, ಅದು ಸರಿಯಾಗಿದೆಯೆಂದು ಕಂಡುಬಂದ ಕಾರಣ, ತಿರಸ್ಕರಿಸಲಾಗಿದೆ.

೪. ಮರುಳಪ್ಪನವರ ಗಾಡಿಯು ಕಚೇರಿಯಿಂದ ನಿಲ್ದಾಣಕ್ಕೆ ಹೋಗುವ ದಾರಿಯಲ್ಲೇ ಬರುತ್ತದಾದರೂ, ಅದನ್ನು ದಾರಿಯಲ್ಲವೆಂದು ಈ ಮೂಲಕ ಘೋಷಿಸಲಾಗಿದೆ. ‘ಬಿಸೀದು ಬತ್ತದೆ, ತಡೀರಣ್ಣ’ ಎಂಬ ಮರುಳಪ್ಪನವರ ಮಾತು ಸರ್ಕಾರಿ ಆದೇಶವಲ್ಲ. ಅದನ್ನು ಪಾಲಿಸಲೇಬೇಕೆಂಬ ನಿಯಮವಿಲ್ಲ.

೫. ವಾಕ್ಯವನ್ನು ಬಳಸುವವರು ನಮೂನೆ ಮ-೬ರಲ್ಲಿ ತಾವು ನಿಂತಿರುವ ಸ್ಥಳ, ಕೈಯಲ್ಲಿರುವ ವಸ್ತು (ಬೋಂಡವಾದಲ್ಲಿ ಎಷ್ಟನೆಯದು) ಹಾಗೂ ಮೂಗು ಯಾವ ದಿಕ್ಕಿಗಿದೆ ಎಂಬುದನ್ನು ಭರ್ತಿ ಮಾಡತಕ್ಕದ್ದು. ಮೂಗು ಮನೆಯ ಕಡೆಗಿದ್ದು ಕಾಲು ಗಾಡಿಯ ಕಡೆಗಿದ್ದಲ್ಲಿ, ಕಾಲನ್ನೇ ಅಧಿಕೃತವೆಂದು ಪರಿಗಣಿಸಲಾಗುವುದು.

೬. ಈ ಸುತ್ತೋಲೆಯು ಯಾರೊಬ್ಬರನ್ನೂ ಉದ್ದೇಶಿಸಿದ್ದಲ್ಲ. ಆದಾಗ್ಯೂ ಪ್ರಥಮ ದರ್ಜೆ ಸಹಾಯಕರಾದ ಬಾಲರಾಜು ಇವರ ಪ್ರಕರಣವನ್ನು ಎಲ್ಲರ ತಿಳಿವಳಿಕೆಗಾಗಿ ವಿವರಿಸಲಾಗಿದೆ. ಅರ್ಜಿದಾರರು ಇವರ ಪತ್ನಿ. ಅರ್ಜಿಯ ಒಕ್ಕಣೆ ಯಥಾವತ್ತಾಗಿ ಹೀಗಿದೆ: ‘ನಮ್ಮನೆಯವ್ರು ಮುಂಚೆ ತಡ ಆಯ್ತದೆ ಉಣ್ಕಳಿ ಅಂತ ಅಂತಿದ್ರು. ತಡ ಆದ್ರೂ ಅದು ನಿಜ ಇರ್ತಿತ್ತು. ನೀವು ಇಂಗ್ಲಿಷ್ ಕಲ್ಸಿದ್ ಮ್ಯಾಲೆ ದಿನಾ ದಾರೀಲೇ ಇರ್ತಾರೆ, ಮನೇಗೆ ಮಾತ್ರ ಬರಾಕಿಲ್ಲ. ನೀವು ಕಲ್ಸಿದ್ದನ್ನ ನೀವೇ ವಾಪಸ್ ತಗಳಿ ಸಾಮಿ.’

ವಿಚಾರಣೆಯಲ್ಲಿ ಬಾಲರಾಜು ನೀಡಿದ ಹೇಳಿಕೆ: ‘ಸುಳ್ಳೇಳ್ಬೇಕು ಅಂತ ಏಳ್ತಿರ್ಲಿಲ್ಲ ಸಾರ್. ಅದೊಂದು ಮಾತು ಅಂದ್ಬುಟ್ರೆ ಅರ್ಧ ಮನೆ ಸೇರ್ಕಂಡಂಗೇ ಆಗ್ಬುಡದು. ಆಮ್ಯಾಲೆ ಅವಸ್ರ ಅನ್ನಿಸ್ತಿರ್ಲಿಲ್ಲ.’ ಕಚೇರಿಯ ಬಹುಪಾಲು ನೌಕರರ ಮನಸ್ಸಿನಲ್ಲಿರುವುದೂ ಇದೇ ಎಂದು ದಾಖಲಿಸಲು ವಿಷಾದಿಸಲಾಗಿದೆ.

ಟಪಾಲು ನೋಡಿಕೊಳ್ಳುವುದು ಬಾಲರಾಜು ಅವರ ಕೆಲಸವಾದ್ದರಿಂದ ಉಲ್ಲೇಖ ೩ ಬಂದು ಅವರದೇ ಮೇಜಿನ ಮೇಲೆ ಕುಳಿತಿತು. ಅದನ್ನು ಕಂಡು ಮುಖ ಕೆಳಗೆ ಹಾಕಿದ ಸದರಿ ನೌಕರರು ಮರುದಿನ ಗಾಡಿಯತ್ತ ತಿರುಗಿಯೂ ನೋಡದೆ ಬಸ್ಸು ಹತ್ತಿದರು. ಅರ್ಧ ದಾರಿಯಲ್ಲಿ ಬಸ್ಸು ಕೆಟ್ಟಿತು. ಮೂರು ಮೈಲಿ ನಡೆಯುವುದೆಂದು ಇಳಿದು, ರಸ್ತೆ ಬದಿಯ ಅಂಗಡಿಯಿಂದ ‘ಇವತ್ತು ನಿಜ್ವಾಗ್ಲೂ ಆನ್ ಮೈ ವೇ ಹೋಮ್ ಕಣೇ’ ಎಂದು ಫೋನಿನಲ್ಲಿ ತಿಳಿಸಿದರು. ಅರ್ಜಿದಾರರು ಫೋನ್ ಇಟ್ಟಿರುತ್ತಾರೆ. ಏಳು ಗಂಟೆಗೆ ಬೆವರು ಒರೆಸಿಕೊಳ್ಳುತ್ತ ಬಾಲರಾಜು ಮನೆ ತಲುಪಿದಾಗ ಮಕ್ಕಳ ಊಟವಾಗಿತ್ತು, ಮುದ್ದೆ ಪಾತ್ರೆ ತೊಳೆದು ಬೋರಲು ಹಾಕಿತ್ತು. ಮಧ್ಯಾಹ್ನವೆಲ್ಲ ಕುಳಿತು ಹಿತುಕಿದ ಅವರೆಬೇಳೆಯ ಸಾರಿನ ಘಮ ಮಾತ್ರ ಮನೆ ತುಂಬ ಇತ್ತು. ಇವರ ಪಾಲಿಗೆ ಒಂದು ತಟ್ಟೆ ಅವಲಕ್ಕಿ ನೆನೆಸಿಡಲಾಗಿತ್ತು.

‘ನಿಜ್ವಾಗ್ಲೂ ಬತ್ತಾ ಇದ್ದೆ ಕಣೇ’ ಎಂದು ಸದರಿ ನೌಕರರು ಹೇಳಿರುತ್ತಾರೆ.

‘ಇದ್ದಿರ್ಬೋದು. ಯಾವತ್ತು ನಿಜ ಅಂತ ನಂಗೆ ಎಂಗ್ರೀ ಗೊತ್ತಾಗ್ಬೇಕು?’ ಎಂದು ಅರ್ಜಿದಾರರು ಕೇಳಿರುತ್ತಾರೆ.

ಅವರು ಜಗಳವಾಡಲಿಲ್ಲ. ಆಡಿದ್ದರೆ ಎಷ್ಟೋ ವಾಸಿಯಿತ್ತು. ಅಂದಿನಿಂದ ಈವರೆಗೆ ಸದರಿ ನೌಕರರ ಪಾಲಿನ ಮುದ್ದೆ ತೊಳಸಿರುವುದಿಲ್ಲ. ಅವಲಕ್ಕಿಯೇ ಮುಂದುವರಿದಿರುತ್ತದೆ.

೭. ಕಲಿಸಿದ ಇಂಗ್ಲಿಷನ್ನು ಹಿಂಪಡೆಯಬೇಕೆಂಬ ಅರ್ಜಿದಾರರ ಕೋರಿಕೆಯನ್ನು ಪರಿಶೀಲಿಸಲಾಯಿತು. ಪ್ರಮಾಣಪತ್ರ ವಿತರಿಸಿಯಾಗಿರುವುದರಿಂದ ಅದಕ್ಕೆ ಅವಕಾಶವಿರುವುದಿಲ್ಲ. ಬದಲಿಗೆ, ಕಲಿತದ್ದನ್ನು ಮರೆಯುವ ಎರಡು ದಿನಗಳ ತರಬೇತಿಯನ್ನು ಚಿಕ್ಕನಾಯಕನಹಳ್ಳಿಯಲ್ಲಿ ಏರ್ಪಡಿಸಲಾಗುವುದು. ಕಳೆದ ಬಾರಿ ಇಂತಹ ತರಬೇತಿಗೆ ಹೋದವರು ವಾಪಸು ಬರುವ ದಾರಿಯನ್ನೂ ಮರೆತು ಮೂರು ದಿನ ಹುಳಿಯಾರಿನಲ್ಲಿದ್ದುದರಿಂದ, ಈ ಬಾರಿ ಹಿಂತಿರುಗುವ ಬಸ್ಸಿನ ಹೆಸರನ್ನು ಅಂಗೈ ಮೇಲೆ ಬರೆದು ಕಳುಹಿಸಲಾಗುವುದು.

೮. ಮಾತಿನ ಮೇಲೆ ಒಮ್ಮೆ ರದ್ದಾದ ನಂಬಿಕೆಯನ್ನು ಮರುಮಂಜೂರು ಮಾಡುವ ಅಧಿಕಾರ ಈ ಕಚೇರಿಗೆ ಇರುವುದಿಲ್ಲ. ಮಾರ್ಗದರ್ಶನ ಕೋರಿ ಜಿಲ್ಲಾ ಕಚೇರಿಗೆ ಬರೆದಾಗ ‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು, ಅರ್ಜಿದಾರರನ್ನೇ ಕೇಳುವುದು’ ಎಂಬ ಷರಾದೊಂದಿಗೆ ಕಡತ ಹಿಂತಿರುಗಿರುತ್ತದೆ.

೯. ಮೇಲಿನ ಎಲ್ಲ ಅಂಶಗಳ ಹಿನ್ನೆಲೆಯಲ್ಲಿ, ಬಾಲರಾಜು ಇವರು ಮುಂದಿನ ಆದೇಶದವರೆಗೆ ಸದರಿ ವಾಕ್ಯವನ್ನು ಯಾವ ಭಾಷೆಯಲ್ಲೂ ಹೇಳತಕ್ಕದ್ದಲ್ಲ. ಮುಂದಿನ ಆದೇಶ ಹೊರಡಿಸಲು ಶ್ರೀಮತಿ ಗಂಗಲಕ್ಷ್ಮಿ ಇವರೇ ಸಕ್ಷಮ ಪ್ರಾಧಿಕಾರ.

ಸಹಿ/-
ಕಚೇರಿ ಅಧೀಕ್ಷಕರ ಪರವಾಗಿ
(ಅಧೀಕ್ಷಕರು ಮನೆಯ ದಾರಿಯಲ್ಲಿರುವುದಾಗಿ ಮರುಳಪ್ಪನವರ ಗಾಡಿಯ ಬಳಿಯಿಂದ ತಿಳಿಸಿರುತ್ತಾರೆ)

ಕರಡು ಹಾಗೂ ಬೆರಳಚ್ಚು: ಬಾಲರಾಜು, ಪ್ರಥಮ ದರ್ಜೆ ಸಹಾಯಕ

ಪ್ರತಿಗಳು:
೧. ಎಲ್ಲ ನೌಕರರಿಗೆ, ಓದಿ ಸಹಿ ಹಾಕಲು. ಓದದಿದ್ದಲ್ಲಿ ಸಹಿ ಮಾತ್ರ.
೨. ಶ್ರೀ ಮರುಳಪ್ಪ, ಬೋಂಡದ ಗಾಡಿ, ಬಸ್ ನಿಲ್ದಾಣದ ಎದುರು. ಈ ಪ್ರತಿಯಲ್ಲಿ ಬೋಂಡ ಕಟ್ಟಿಕೊಡತಕ್ಕದ್ದಲ್ಲ.
೩. ಖಾಸಗಿ ಬಸ್ಸಿನ ಕಂಡಕ್ಟರಿಗೆ, ಬಸ್ಸು ಹೊರಟ ನಂತರ ಓದಿಕೊಳ್ಳಲು.
೪. ಶ್ರೀಮತಿ ಗಂಗಲಕ್ಷ್ಮಿ, ದಬ್ಬೇಘಟ್ಟ. ಖುದ್ದಾಗಿ ತಲುಪಿಸತಕ್ಕದ್ದು. ಈ ಪ್ರತಿಯನ್ನು ಹಿಡಿದು ಬೆರಳಚ್ಚು ಮಾಡಿದವನೇ ಐದೂಮುಕ್ಕಾಲರ ಬಸ್ಸಿಗೆ ಹೊರಟಿರುತ್ತಾನೆ. ಫೋನ್ ಮಾಡಿರುವುದಿಲ್ಲ.