ಖಾನಾಪುರದ ಸಹಜ ಇಂಗ್ಲಿಷ್

ಅನಿಕೇತನ ತಾಪತ್ರಯಕ್ಕೆಲ್ಲ ಕಾರಣ 'ಅಬೌಟ್' ಎಂಬ ಸಣ್ಣ ಶಬ್ದ. 'ಡಿಸ್ಕಸ್ಡ್' ಅಂದರೆ ಚರ್ಚಿಸಿದೆ. ಅದರ ಬೆನ್ನಿಗೆ 'ಅಬೌಟ್' ಹಚ್ಚಬಾರದೆಂದು ವ್ಯಾಕರಣದ ಪುಸ್ತಕ ಹೇಳುತ್ತದೆ. ಆದರೆ ಬೆಳಗಾವಿಯಲ್ಲಿ 'ಅಬೌಟ್' ಹಚ್ಚದೆ ಯಾರೂ ಈವರೆಗೆ ಏನನ್ನೂ ಚರ್ಚಿಸಿದ್ದಿಲ್ಲ. ಆಗಿಹೋದ ಸಂಗತಿ ಹೇಳುವಾಗ ನಮ್ಮ ಜನ ಇಂಗ್ಲಿಷ್ ಕ್ರಿಯಾಪದಗಳಿಗೆ ನಿಜವಾಗಿ ಯಾವ ಯಾವ ಬಾಲ ಹಚ್ಚುತ್ತಾರೆ ಎಂಬುದೇ ಅವನ ಪಿಎಚ್‌ಡಿ ವಿಷಯ. ವಿಷಯ ಸಿಕ್ಕು ವರ್ಷಗಳೇ ಆಗಿದ್ದವು. ಬಾಲ ಸಿಕ್ಕಿರಲಿಲ್ಲ.

"ನೀ ಅವರ ಇಂಗ್ಲಿಷ್ ಪರೀಕ್ಷಾ ಮಾಡಾಕತ್ತಿ ಅಂತ ಮಾತಾಡೋರಿಗೆ ಗೊತ್ತಾಗಬಾರ್ದು" ಎಂದು ಗೈಡ್ ಆ ಮುಂಜಾನೆ ಫೋನಿನಲ್ಲಿ ಮತ್ತೊಮ್ಮೆ ಕಟ್ಟಪ್ಪಣೆ ಮಾಡಿದ್ದರು. "ಗೊತ್ತಾತಂದ್ರ ಸಹಜ ಮಾತು ಸತ್ತಂಗ. ಮೊದಲ ರೆಕಾರ್ಡ್ ಮಾಡ್ಕೋ, ಆಮ್ಯಾಲ ಒಪ್ಪಿಗಿ ಕೇಳು. ನಾಳೆ ಕಮಿಟಿ ಐತಿ. ಒಂದರೆ ರೆಕಾರ್ಡಿಂಗ್ ತರಲಿಲ್ಲಂದ್ರ ನಿನ್ನ ಹೆಸರು ಹೊಡದ ಹಾಕ್ತಾರ, ನಾ ಏನೂ ಮಾಡಾಕ ಬರೂದಿಲ್ಲ."

ಅನಿಕೇತ ಪ್ರಯತ್ನ ಮಾಡದೆ ಇರಲಿಲ್ಲ. ಆದರೆ ಸದಾಶಿವನಗರದ ಬ್ಯಾಂಕ್ ಮ್ಯಾನೇಜರು ಅವನ ಫೋನು ಕಂಡೊಡನೆ ಮದುವೆಯ ಫೋಟೊಕ್ಕೆ ನಿಂತ ಮಾವನಂತೆ ಸೆಟೆದುಬಿಟ್ಟರು. ದಂತವೈದ್ಯೆ ಇಂಗ್ಲಿಷಿನಲ್ಲಿ ಚೆನ್ನಾಗಿಯೇ ಮಾತಾಡಿದರು, ಆದರೆ ಆಗ ಬಾಯಿ ತೆರೆದುಕೊಂಡು ಕುಂತವನು ಇವನು, ಫೋನು ಜೇಬಿನಲ್ಲಿತ್ತು.

ಫೋನು ಇಟ್ಟವನ ಮುಖ ನೋಡಿ, ಬಾಜು ಮನೆಯ ಗುರುಪಾದಪ್ಪ ಕಂಪೌಂಡಿನ ಮೇಲಿಂದ ಇಣುಕಿದರು.

"ಯಾಕೋ ತಮ್ಮಾ, ಹಳಸಿದ ಬುತ್ತಿಹಂಗ ಮಾರಿ ಮಾಡೀದಿ?"

"ಕಾಕಾ, ಇಂಗ್ಲಿಷ್ ಸರಾಗ ಮಾತಾಡೋರು ಯಾರರೆ ಇದ್ರ ಹೇಳ್ರಿ. ಕುಂತು ಮಾತಾಡಸಬೇಕು. ಆದ್ರ ನಾ ಯಾಕ ಬಂದೀನಂತ ಅವರಿಗೆ ಹೇಳಬ್ಯಾಡ್ರಿ."

ನಿವೃತ್ತರಾದ ಮೇಲೆ ಗುರುಪಾದಪ್ಪನವರು ಒಂದೇ ಕೆಲಸ ಹಚ್ಚಿಕೊಂಡಿದ್ದರು: ಗಂಡು ಹೆಣ್ಣು ಕೂಡಿಸುವುದು. ಓಣಿಯಲ್ಲಿ ಉಳಿದಿದ್ದ ಒಬ್ಬನೇ ಒಬ್ಬ ಗಂಡು ಅನಿಕೇತ. ಅವರ ಮುಖ ಬೆಳಗಿತು.

"ತಿಳೀತು ಬಿಡು. ಹುಡುಗರಿಗೆ ನಾಚಿಗಿ ಇರೂದ. ಖಾನಾಪುರದಾಗ ನಮ್ಮ ಶಶಿಧರನ ಮಗಳದಾಳ, ಸಮೃದ್ಧಿ. ಇಂಗ್ಲಿಷ್ ಅಂದ್ರ ನೀರು ಕುಡದಂಗ. ಇವತ್ತ ಹೋಗೂಣು."

ರೈಲು ಹತ್ತುವ ಮೊದಲು ಕಾಕಾ ಕುಂದಾ ಮಿಠಾಯಿ ಕಟ್ಟಿಸಿದರು, ಬಾಳೆಹಣ್ಣು ತಗೊಂಡರು. "ಬರೇ ಕೈಲೆ ಹೋಗಬಾರ್ದು." ದೇಸೂರಿನಲ್ಲಿ ರೈಲು ನಿಂತಾಗ ತಮ್ಮ ಬಾಚಣಿಕೆ ತೆಗೆದು ಅವನ ತಲೆ ತಾವೇ ಬಾಚಿದರು. ಸಂಶೋಧನೆಗೆ ಇಷ್ಟೊಂದು ಕಾಳಜಿ ತೋರಿಸುವ ನೆರೆಯವರು ಯಾರಿಗುಂಟು ಎಂದು ಅನಿಕೇತನ ಕಣ್ಣು ತುಂಬಿ ಬಂತು.

ಶಶಿಧರ ಬಾಗಿಲಲ್ಲೇ ನಿಂತಿದ್ದರು. "ಬರ್ರಿ ಬರ್ರಿ, ಕುಂದರ್ರಿ." ಹಾಸಿದ ಹೊಸ ಚಾದರಿನ ಮೇಲೆ ಅವನನ್ನು ಕೂರಿಸಿದರು. ಅವಲಕ್ಕಿ ಬಂತು, ಚಹಾ ಬಂತು, ಮುಷ್ಟಿಯಷ್ಟು ದೊಡ್ಡ ಬೇಸನ್ ಉಂಡಿ ಬಂದವು. ಅವುಗಳ ಹಿಂದೆಯೇ ಮಗ್ಗುಲ ಮನೆಯ ಸಾವಂತ್ರವ್ವ ಬಂದಳು.

"ನಿಂದರು ನೋಡೂಣಪಾ" ಎಂದಳು. ಅನಿಕೇತ ಎದ್ದು ನಿಂತ. "ನಾಕ ಹೆಜ್ಜಿ ನಡಿ." ನಡೆದ. "ಗ್ವಾಡಿ ಮ್ಯಾಲಿನ ಕ್ಯಾಲೆಂಡರ್ ಓದು." ಓದಿದ.

"ಕಾಲು ಕಣ್ಣು ಎಲ್ಲಾ ಬರೋಬರಿ ಅದಾವ" ಎಂದು ಸಾವಂತ್ರವ್ವ ಒಳಗಿನವರಿಗೆ ವರದಿ ಒಪ್ಪಿಸಿದಳು. ಖಾನಾಪುರದ ಪದ್ಧತಿ ಹೀಗಿರಬಹುದು ಎಂದುಕೊಂಡು ಅನಿಕೇತ ಕುಂತ.

ಸಮೃದ್ಧಿ ಬಂದಳು. "ಇಬ್ಬರೂ ಮಾತಾಡ್ಲಿ, ನಾವು ಹೊರಗ ಕುಂದರೂಣು" ಎಂದು ಕಾಕಾ ಎಲ್ಲರನ್ನೂ ಎಬ್ಬಿಸಿದರು. ಇಷ್ಟು ಸಹಕಾರವನ್ನು ಅನಿಕೇತ ಎಲ್ಲೂ ಕಂಡಿರಲಿಲ್ಲ. ಜೇಬಿನೊಳಗೇ ಫೋನಿನ ಗುಂಡಿ ಒತ್ತಿ, ಇಂಗ್ಲಿಷಿನಲ್ಲಿ ಮಾತು ಶುರು ಮಾಡಿದ.

ಹುಡುಗಿ ಮಾತಾಡಿದಳು ನೋಡಿ! ಖಾನಾಪುರದಲ್ಲೇ 'ಗ್ರೂ ಅಪ್' ಆಗಿದ್ದಳು. ಅಜ್ಜಿಯನ್ನು 'ಲುಕ್ಡ್ ಆಫ್ಟರ್' ಮಾಡಿದ್ದಳು. ಸಂಗೀತವನ್ನು 'ಗೇವ್ ಅಪ್' ಮಾಡಿದ್ದಳು. ವರ್ಷಗಟ್ಟಲೆ ಹುಡುಕಿದ ಬಾಲಗಳು ಸಂಜೆ ಹಟ್ಟಿಗೆ ಮರಳುವ ಕುರಿಗಳಂತೆ ಒಂದರ ಹಿಂದೊಂದು ಬಂದವು. ಒಂದೊಂದಕ್ಕೂ ಅನಿಕೇತ ಮುಖ ಅರಳಿಸಿದ. 'ಗೇವ್ ಅಪ್' ಬಂದಾಗಲಂತೂ ಖುಷಿಗೆ ಒಂದು ಉಂಡಿ ಎತ್ತಿ ಬಾಯಿಗಿಟ್ಟುಕೊಂಡ.

ಕಿಟಕಿಯ ಹೊರಗೆ ಸಾವಂತ್ರವ್ವನ ಪಿಸುಮಾತು ಕೇಳಿತು. "ಅಯ್ಯ, ಮಾತ ಮಾತಿಗೆ ನಗತೈತ್ ನೋಡ ಹುಡುಗ! ಮನಸ ಕೊಟ್ಟಬಿಟ್ಟೈತಿ."

ನಡುನಡುವೆ ಸಮೃದ್ಧಿ ಪ್ರಶ್ನೆ ಕೇಳುತ್ತಿದ್ದಳು. ಇಂಗ್ಲಿಷಿನ ಹರಿವು ನಿಲ್ಲಬಾರದೆಂದು ಇವನೂ ಬಾಯಲ್ಲಿ ಉಂಡಿ ಇಟ್ಟುಕೊಂಡೇ ಉತ್ತರಿಸಿದ. ಖಾನಾಪುರಕ್ಕೆ 'ರೀಚ್ಡ್ ಟು' ಮಾಡಿದ. ರೈಲಿನಲ್ಲಿ ಕಾಕಾನ ಜೋಡಿ 'ಡಿಸ್ಕಸ್ಡ್ ಅಬೌಟ್' ಮಾಡಿದ. ಎಂಎ ಮುಗಿಸಿ ಪುಣೆಯಿಂದ 'ರಿಟರ್ನ್ಡ್ ಬ್ಯಾಕ್' ಆದ. ತನ್ನ ಬಾಲಗಳ ಕಡೆ ಅವನಿಗೆ ಲಕ್ಷ್ಯವಿರಲಿಲ್ಲ.

ಆಗ ಹೊರಗಿನಿಂದ ಕಾಕಾನ ಧ್ವನಿ ಬಂತು. "ಶ್ರಾವಣ ಮುಗದಕೂಡ್ಲೆ ಲಗ್ನ ಇಟ್ಕೊಂಡ ಬಿಡೂಣು, ಶಶಿಧರಾ. ಹುಡುಗಂದು ಏನೂ ಅಡ್ಡಿಯಿಲ್ಲ, ತಾನ ಬಂದು ನನ್ನ ಹಂತೇಕ ಕೇಳ್ಯಾನ."

ಹೊಸ ಚಾದರು, ಕುಂದಾ, ಬಾಚಣಿಕೆ, ಸಾವಂತ್ರವ್ವನ ಕ್ಯಾಲೆಂಡರು ಎಲ್ಲವೂ ಒಮ್ಮೆಲೇ ಅನಿಕೇತನಿಗೆ ಅರ್ಥವಾದವು. ಉಂಡಿ ಗಂಟಲಲ್ಲಿ ಸಿಕ್ಕಿತು.

"ಇಲ್ಲಿ ಕೇಳ್ರಿ" ಎಂದು ಕೆಮ್ಮುತ್ತ ಕನ್ನಡಕ್ಕೆ ಇಳಿದ. "ನಾ ಹೆಣ್ಣು ನೋಡಾಕ ಬಂದಿಲ್ರಿ. ಬಸವಣ್ಣನ ಆಣಿ. ನಾ ಬಂದದ್ದು ಬರೇ ನಿಮ್ಮ ಇಂಗ್ಲಿಷ್ ಸಲುವಾಗಿ. ನನ್ನ ಪಿಎಚ್‌ಡಿಗೆ ಸಹಜ ಮಾತು ಬೇಕಿತ್ತು. ರೆಕಾರ್ಡ್ ಮಾಡ್ಕೊಂಡೀನಿ. ನೀವು ಹೂಂ ಅಂದ್ರ ಬಳಸ್ತೀನಿ, ಇಲ್ಲಂದ್ರ ಅಳಸ್ತೀನಿ."

ಸಮೃದ್ಧಿ ಅವನನ್ನೇ ನೋಡಿದಳು. ಆಮೇಲೆ ಬಾಳೆಹಣ್ಣಿನ ತಾಟು ಸರಿಸಿ, ಅದರ ಕೆಳಗೆ ಅಡಗಿಸಿಟ್ಟಿದ್ದ ತನ್ನ ಫೋನು ತೆಗೆದಳು. ಅದರಲ್ಲೂ ರೆಕಾರ್ಡಿಂಗಿನ ಕೆಂಪು ಚುಕ್ಕೆ ಮಿನುಗುತ್ತಿತ್ತು.

"ನಾನೂ ಧಾರವಾಡದಾಗ ಅದ ವಿಷಯದ ಮ್ಯಾಲ ಪಿಎಚ್‌ಡಿ ಮಾಡಾಕತ್ತೀನ್ರಿ" ಎಂದಳು. "ಹೆಣ್ಣ ನೋಡಾಕ ಬಂದ ಗಂಡಸರು ಒಬ್ಬರೂ ನನ್ನ ಜೋಡಿ ಕನ್ನಡ ಮಾತಾಡಂಗಿಲ್ಲ. ಕಾಕತಿಯವರು ಬಂದ್ರೂ ಅಷ್ಟ, ಕೊಲ್ಲಾಪುರದವರು ಬಂದ್ರೂ ಅಷ್ಟ. ಹಿಂಗ ಮನಿ ಬಾಗಿಲಿಗೆ ಸಹಜ ಇಂಗ್ಲಿಷ್ ಬಂದ್ರ ಯಾರು ಬ್ಯಾಡ ಅಂತಾರ? ಅದಕ್ಕ ಅಪ್ಪಾಜಿ ಯಾವ ಗಂಡು ಕರೆಸಿದ್ರೂ ಬರ್ಲಿ ಅಂತೀನಿ. ಹೋಗೂ ಮುಂದ ಒಪ್ಪಿಗಿ ಕೇಳತೀನಿ."

"ಹಂಗಾರ ನೀವು ಮಾತಾಡಿದ್ದು?"

"ಅದು ಬಾಯಿಪಾಠರಿ. ಬಂದವರಿಗೆಲ್ಲ ಅದನ್ನ ಹೇಳೂದು. ಅಜ್ಜಿನ್ನ ನೋಡ್ಕೊಂಡಿಲ್ಲ, ಸಂಗೀತ ಕಲ್ತಿಲ್ಲ. ಹುಡುಗರ ಬಾಯಿ ಬಿಡಸಾಕ ಬೇಕಾಗ್ತದ."

ಅನಿಕೇತನ ಜೇಬಿನೊಳಗೆ ಫೋನು ಕಲ್ಲಿನಷ್ಟು ಭಾರವಾಯಿತು.

"ನಿಮ್ಮದು ಮಾತ್ರ ಭಾಳ ಛಲೋ ಬಂದೈತ್ರಿ" ಎಂದಳು ಸಮೃದ್ಧಿ, ಮೆಚ್ಚುಗೆಯಿಂದ. "ಅದನ್ನ ಬಳಸಾಕ ಕೊಟ್ರ, ಈಗ ಹೊರಗ ಹೋಗಿ ಹುಡುಗ ಬ್ಯಾಡ ಅಂತೀನಿ. ನಿಮ್ಮ ಹೆಸರು ಎಲ್ಲೂ ಬರಂಗಿಲ್ಲ."

"ಕೊಟ್ಟೀನಿ ತಾಯಿ" ಎಂದು ಅನಿಕೇತ ಕೈ ಮುಗಿದ.

ಅವಳು ಬಾಗಿಲಿಗೆ ಹೋಗಿ ಹೇಳಿದಳು. ಶಶಿಧರ ನಿಟ್ಟುಸಿರು ಬಿಟ್ಟರು, ಅವರಿಗೆ ರೂಢಿಯಾಗಿತ್ತು. ಸಾವಂತ್ರವ್ವ ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಂಡು, "ಪಾಪ, ಎಷ್ಟ ನಗತಿತ್ತು ಕೂಸು" ಎಂದು ಅವನ ಕೈಯಲ್ಲಿ ಇನ್ನೊಂದು ಉಂಡಿ ಇಟ್ಟಳು.

ಸಂಜೆಯ ರೈಲಿನಲ್ಲಿ ಅನಿಕೇತ ಕಿಟಕಿಗೆ ಮುಖ ಕೊಟ್ಟು ಕುಂತಿದ್ದ. ಗಾಳಿ ತಂಪಾಗಿತ್ತು. ಕಣ್ಣಿ ಬಿಚ್ಚಿದ ಕರುವಿನಂತೆ ಮೈ ಹಗುರಾಗಿತ್ತು. ಪಿಎಚ್‌ಡಿ ಹೋದರೆ ಹೋಗಲಿ, ಶ್ರಾವಣ ಮುಗಿದೊಡನೆ ಕಾದಿದ್ದ ಲಗ್ನವಂತೂ ತಪ್ಪಿತು.

"ಎದಿ ಗಟ್ಟಿ ಮಾಡ್ಕೋ ತಮ್ಮಾ" ಎಂದು ಕಾಕಾ ಬೆನ್ನು ಸವರಿದರು. ಅವನು ನಗುತ್ತಿರುವುದು ಕಂಡು, ಹುಡುಗನಿಗೆ ಧಕ್ಕೆ ಜೋರಾಗಿಯೇ ಆಗಿದೆ ಎಂದು ಗಾಬರಿಯಾದರು.

ದೇಸೂರು ದಾಟುವಾಗ ಗೈಡ್ ಫೋನು ಬಂತು.

"ಏನರೆ ಸಿಕ್ತೇನೋ?"

"ಇಲ್ರಿ ಸರ್."

"ಹೋಗ್ಲಿ ಬಿಡು. ನಮ್ಮ ಧಾರವಾಡದ ಗೆಳೆಯಾ ಈಗ ಒಂದು ರೆಕಾರ್ಡಿಂಗ್ ಕೇಳಿಸಿದ. ಅವನ ವಿದ್ಯಾರ್ಥಿನಿ ಇವತ್ತ ಮಾಡಿದ್ದಂತ. ಏನು ಸಹಜ, ಏನು ಸಹಜ! ಒಂದು ಬಾಲನೂ ನೆಟ್ಟಗಿಲ್ಲ. ನಾಳೆ ಕಮಿಟಿ ಮುಂದ ಅದನ್ನ ಹಚ್ಚತೀನಿ. ನಮ್ಮ ಹುಡುಗನೂ ಇಂಥಾದ್ದ ಹುಡುಕಾಕತ್ತಾನ ಅಂತ ಹೇಳಿ ನಿನಗ ಆರು ತಿಂಗಳು ಮುದತು ಕೇಳತೀನಿ. ಬಂದು ಮುಂದ ಕುಂದರು, ಕಿವಿಗೊಟ್ಟು ಕೇಳು, ಕಲಿ."

"ಆತ್ರಿ ಸರ್."

"ಒಂದ ಅಡಚಣಿ. ಆ ಪುಣ್ಯಾತ್ಮ ಬಾಯಾಗ ಏನ ಇಟ್ಕೊಂಡು ಮಾತಾಡ್ಯಾನೋ, ತಿಳೀವಲ್ದು."

ಅನಿಕೇತ ತನ್ನ ಕೈಯಲ್ಲಿದ್ದುದನ್ನು ನೋಡಿದ.

"ಬೇಸನ್ ಉಂಡಿ ಇರಬೇಕ್ರಿ ಸರ್" ಎಂದ.