ಬೀರುವಿನೊಳಗಿನ ಬೀಗದ ಕೈ

ಇನ್ನು ಮುಂದೆ ಈ ಮನೆಯಲ್ಲಿ ಒಂದೇ ಒಂದು ಫೈಲೂ ಕಳೆದುಹೋಗಕೂಡದು ಎಂದು ಬೆಳಗ್ಗೆ ಹಲ್ಲುಜ್ಜುತ್ತಲೇ ಘೋಷಿಸಿದೆ! ಕಂಪ್ಯೂಟರಿನ ಒಂಟಿ ಡಿಸ್ಕಿಗೆ ಇನ್ನೊಂದನ್ನು ಜೋಡಿ ಮಾಡಿ, ಎರಡರಲ್ಲೂ ಒಂದೇ ಪ್ರತಿ ಇರುವಂತೆ ಕಂಪ್ಯೂಟರನ್ನು ನಡೆಸುವ ಲಿನಕ್ಸ್‌ಗೆ ಅಪ್ಪಣೆ ಕೊಡುವುದು. ಒಂದು ಸತ್ತರೂ ಇನ್ನೊಂದು ಬದುಕಿರುತ್ತದೆ.

"ಇವತ್ತೇ ಆಗಬೇಕಾ ಈ ಮದುವೆ?" ಎಂದಳು ಹೆಂಡತಿ. ಕಟ್ಟಡಗಳ ಪ್ಲಾನ್ ಬರೆಯುವುದು ಅವಳ ಕೆಲಸ. "ಸಂಜೆಯೊಳಗೆ ಇದರಲ್ಲಿರೋ ಪ್ಲಾನ್ ಕಂಟ್ರಾಕ್ಟರಿಗೆ ತಲುಪದಿದ್ರೆ ಈ ಕೆಲಸ ಬೇರೆಯವರ ಪಾಲು ರೀ."

"ಊಟದ ಹೊತ್ತಿಗೆ ಮುಗಿಯುತ್ತೆ ಬಿಡು. ಆಮೇಲೆ ವಾಷಿಂಗ್ ಮೆಷಿನ್ನನ್ನೂ ಒಂದು ಕೈ ನೋಡ್ತೀನಿ."

ಜೋಡಿ ಮಾಡಿ ಆನ್ ಮಾಡಿದೆ. ಡಿಸ್ಕ್ ಕಾಣಿಸುತ್ತಿಲ್ಲ ಎಂದಿತು ಕಂಪ್ಯೂಟರು. ತಂತಿ ಕಿತ್ತು ಮತ್ತೆ ಸಿಕ್ಕಿಸಿದೆ, ಊದಿದೆ, ಮೆಲ್ಲಗೆ ತಟ್ಟಿದೆ, ಆಮೇಲೆ ಜೋರಾಗಿಯೇ ತಟ್ಟಿದೆ. ಕೂತರೆ ಏಳಬೇಕು, ಎದ್ದರೆ ಕೂರಬೇಕು ಎನ್ನಿಸುತ್ತಿತ್ತು. ಹೆಂಡತಿ ಆಗಾಗ ಬಾಗಿಲಿಗೆ ಬಂದು ಗಡಿಯಾರ ನೋಡುವಳು, ನನ್ನನ್ನು ನೋಡುವಳು, ಹೋಗುವಳು. ಬೈದಿದ್ದರೂ ವಾಸಿಯಿತ್ತು.

ಕಡೆಗೆ ಫೋನಿನಲ್ಲಿ ತಡಕಾಡಿ ರೋಗ ಪತ್ತೆ ಮಾಡಿದೆ. "ಜೋಡಿ ಡಿಸ್ಕನ್ನು ಓದೋ ವಿದ್ಯೆ ಲಿನಕ್ಸ್‌ಗೆ ಶುರುವಿನಲ್ಲೇ ಗೊತ್ತಿರಬೇಕು. ಆ ವಿದ್ಯೆ ಇರೋದು ಜೋಡಿ ಡಿಸ್ಕಿನ ಒಳಗೇ."

"ಅಂದ್ರೆ ಬೀರುವಿನ ಬೀಗದ ಕೈನ ಬೀರುವಿನೊಳಗೇ ಇಟ್ಟು ಬೀಗ ಹಾಕಿದ್ದೀರಿ."

"ನಾನಲ್ಲ, ಲಿನಕ್ಸ್. ಅಷ್ಟೂ ಬುದ್ಧಿ ಬೇಡವಾ ಅದಕ್ಕೆ? ಅಂಗಡಿಯಲ್ಲಿ ಲಿನಕ್ಸ್ ತುಂಬಿದ ಪೆನ್‌ಡ್ರೈವ್ ಸಿಗುತ್ತೆ. ಹೊರಗಿನಿಂದ ಎಬ್ಬಿಸಿಬಿಡ್ತೀನಿ."

ಚಪ್ಪಲಿ ಮೆಟ್ಟಿ ಓಡಿದೆ. ನಾನು ಮರೆತ ಪರ್ಸ್ ಹಿಡಿದುಕೊಂಡು ಅವಳೂ ಹೊರಗೆ ಬಂದಳು. ಪರ್ಸ್ ಕಿತ್ತುಕೊಂಡ ಭರದಲ್ಲಿ ನಾನೇ ಬಾಗಿಲೆಳೆದೆ. ಎಳೆದರೆ ತಾನಾಗಿ ಬೀಗ ಬೀಳುವ ಬಾಗಿಲು ಅದು. ಬೀಗದ ಕೈ ಒಳಗೇ ಇತ್ತು.

ಅವಳು ಎದುರು ಮನೆಯ ಬೆಲ್ ಒತ್ತಿದಳು. ಅಲ್ಲಿನ ನರ್ಸಮ್ಮ ನಮ್ಮ ಮನೆಯ ಇನ್ನೊಂದು ಬೀಗದ ಕೈ ತಂದುಕೊಟ್ಟರು. ಅದರ ಜೊತೆ ಒಂದು ಪೆನ್‌ಡ್ರೈವ್ ತೂಗಾಡುತ್ತಿತ್ತು.

"ಇದೇನಿದು?"

"ನನ್ನ ಪ್ಲಾನ್. ನೀವು ಹಲ್ಲುಜ್ಜುತ್ತಾ ಭಾಷಣ ಮಾಡಿದಾಗಲೇ ಒಂದು ಪ್ರತಿ ಇಲ್ಲಿ ತಂದಿಟ್ಟೆ. ಇವರ ಕಂಪ್ಯೂಟರಿಂದ ಕಂಟ್ರಾಕ್ಟರಿಗೆ ಕಳಿಸಿಯೂ ಆಯ್ತು."

ನನಗೆ ಮೈಯೆಲ್ಲ ಉರಿಯಿತು. "ಮತ್ತೆ ಇಷ್ಟು ಹೊತ್ತು ಗಡಿಯಾರ ನೋಡಿ ನೋಡಿ ನನ್ನ ಪ್ರಾಣ ಯಾಕೆ ತಿಂದೆ?"

"ಕಳಿಸಿದೆ ಅಂದಿದ್ರೆ ನೀವು ಎದ್ದು ವಾಷಿಂಗ್ ಮೆಷಿನ್ನಿಗೆ ಕೈ ಹಾಕ್ತಿದ್ರಿ ರೀ. ಅದರ ಇನ್ನೊಂದು ಪ್ರತಿ ಎಲ್ಲಿಂದ ತರಲಿ?"